ಕೊನೆಯ ತಟ್ಟೆ

ಅನ್ಸೆಲ್ಮ್ ನನ್ನ ಕಿವಿಗೆ ಬಿದ್ದ ಮೊದಲ ಸಲವೇ ಬೈಯುತ್ತಿದ್ದ. ಗಾಜಿನ ಕಾರ್ಖಾನೆಯಲ್ಲಿ ದೋಷವಿದ್ದದ್ದನ್ನು ಆರಿಸುವ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಒಳಗೆ ನಾವು ಹದಿನಾರು ಜನ ಹೆಂಗಸರು. ಯಾರನ್ನು ಬೈಯಬೇಕೆಂದು ಗೊತ್ತಾಗದೆ ಎಲ್ಲರಿಗೂ ಸೇರಿಸಿ ಕೇಳಿದ.

"ನನ್ನ ಹದಿನಾಲ್ಕು ಗ್ಲಾಸಲ್ಲಿ ಹನ್ನೊಂದು ಒಡೆದ ಮಹಾತಾಯಿ ಯಾರು?"

ನಾನು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮೇಜಿನ ಕಬ್ಬಿಣದ ಅಂಚಿಗೆ ಬಡಿದು, ಚೂರನ್ನು ಪೆಟ್ಟಿಗೆಗೆ ಹಾಕಿದೆ. "ಹನ್ನೆರಡು" ಅಂದೆ.

"ಏನಂತೆ ದೋಷ?"

"ಬಾಯಿ ಸೊಟ್ಟ."

"ಯಾರ ಬಾಯಿ?"

"ಗ್ಲಾಸಿಂದು. ನಿಮ್ಮದು ನಾನು ನೋಡಿಲ್ಲ."

ಹೆಂಗಸರು ಗೊಳ್ಳೆಂದು ನಕ್ಕರು, ಆಮೇಲೆ ತಟ್ಟನೆ ಸುಮ್ಮನಾದರು. ಯಾಕೆಂದು ತಲೆ ಎತ್ತಿ ನೋಡಿದೆ. ಕುಲುಮೆಯ ಕಿಡಿ ಸಿಡಿದು ಸುಟ್ಟು ಅವನ ತುಟಿ ಎಡಗಡೆಗೆ ಎಳೆದುಕೊಂಡಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನು ಮಾತ್ರ ಆ ಸೊಟ್ಟ ಬಾಯಲ್ಲೇ ಜೋರಾಗಿ ನಕ್ಕುಬಿಟ್ಟ.

"ಈಗ ನೋಡಿದ್ರಲ್ಲ. ಇದನ್ನೂ ಒಡೀತೀರಾ?"

ನನ್ನ ಕಥೆ ಅಲ್ಲೇ ಮುಗಿಯಿತು ಅಂದರೂ ಸರಿ. ಮಿಕ್ಕಿದ್ದೆಲ್ಲ ಅದರ ಬಾಲ.

ನಮ್ಮ ಕಾರ್ಖಾನೆಯ ಚರಿತ್ರೆಯನ್ನು ಪ್ಯಾರಿಸ್ಸಿನ ಅಂಗಡಿಯಲ್ಲಿ ಚಿನ್ನದ ಅಕ್ಷರದಲ್ಲಿ ಬರೆದು ಗೋಡೆಗೆ ಹಾಕಿದ್ದಾರಂತೆ. ಯಾವನೋ ಬಿಷಪ್ಪನಿಗೆ ಕಾಡಿನ ಸೌದೆ ಮಾರಾಟವಾಗದೆ ಉಳಿದು, ಉರಿಸುವುದಕ್ಕೆ ಒಂದು ಕುಲುಮೆ ಬೇಕು ಅಂತ ಶುರುಮಾಡಿದ್ದು. ಆಮೇಲೆ ರಾಜರು ಬಂದರು, ಚಕ್ರವರ್ತಿಗಳು ಬಂದರು. ಸುಲ್ತಾನರಿಗೆ ದೀಪಗೊಂಚಲು, ರಷ್ಯಾದ ದೊರೆಗಳಿಗೆ ವೈನಿನ ಗ್ಲಾಸು. ಆ ದೊರೆಗಳು ಒಂದು ಸಲ ಕುಡಿದು ಗ್ಲಾಸನ್ನು ನೆಲಕ್ಕೆ ಅಪ್ಪಳಿಸುತ್ತಿದ್ದರಂತೆ. ಅದನ್ನು ನಮ್ಮೂರಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಅವರು ಕುಡಿದು ಒಡೆಯುತ್ತಿದ್ದರು, ನಾವು ಕುಡಿಯದೆಯೇ ಒಡೆಯುತ್ತಿದ್ದೆವು, ಅಷ್ಟೇ ವ್ಯತ್ಯಾಸ.

ಮೂರರಲ್ಲಿ ಒಂದು ಒಡೆಯಲೇಬೇಕು ಅನ್ನುವ ಹಾಗಿತ್ತು ನಮ್ಮ ಕಣ್ಣು. ಕೂದಲೆಳೆಯಷ್ಟು ಗೆರೆ, ಸಾಸಿವೆಯಷ್ಟು ಗುಳ್ಳೆ ಕಂಡರೂ ಮುಗಿಯಿತು. ಒಡೆದ ಚೂರು ತಿರುಗಿ ಕುಲುಮೆಗೆ ಹೋಗುತ್ತದೆ. ಆರಿಸುವವಳ ಮಾತೇ ಕೊನೆ. ಗಾಜು ಊದುವವನು ಬಾಗಿಲಿನ ಗೆರೆ ದಾಟಿ ಒಳಗೆ ಬರುವ ಹಾಗಿಲ್ಲ, ಯಾಕೆ ಒಡೆದೆ ಅಂತ ಪುರಾವೆ ಕೇಳುವ ಹಾಗಿಲ್ಲ. ಚಿನ್ನದ ಅಕ್ಷರದಲ್ಲಿ ಈ ಪೆಟ್ಟಿಗೆಗಳ ಮಾತು ಇಲ್ಲವಂತೆ.

ಮಹಾಯುದ್ಧ ಮುಗಿದು ಆಗ ನಾಲ್ಕು ವರ್ಷ. ಗಂಡಸರು ಕಡಿಮೆ, ಹುಡುಗಿಯರು ಹೆಚ್ಚು. ನನಗೆ ಇಪ್ಪತ್ತಮೂರು, ಹೆಸರು ಝೆಲಿ. ಝೆಲಿಯ ಕಣ್ಣಿಗೆ ದೇವರು ಮಾಡಿದ್ದೂ ಪಾಸಾಗಲ್ಲ ಅನ್ನುತ್ತಿದ್ದರು. ನನಗೆ ಅದು ಇಷ್ಟವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಬಾಗಿಲ ಜಗಳವಾಗಿ ಹತ್ತು ದಿನದ ಮೇಲೆ ಒಂದು ಗ್ಲಾಸು ಬಂತು. ಎಲ್ಲ ಸರಿ, ಆದರೆ ಗ್ಲಾಸು ನಿಲ್ಲುವ ಪಾದದ ನಟ್ಟನಡುವೆ, ಕಾಲು ಕೂಡುವ ಜಾಗದ ಕೆಳಗೆ, ಒಂದು ಸಣ್ಣ ಗುಳ್ಳೆ. ಒಡೆದೆ. ಮರುದಿನ ಇನ್ನೊಂದು, ಅದೇ ಜಾಗ. ಮೂರನೇ ದಿನವೂ ಅದೇ. ಸಂಜೆ ಊರ ನಲ್ಲಿಯ ಹತ್ತಿರ ಸಿಕ್ಕಿದಾಗ ಕೇಳಿದೆ.

"ಕೈ ನಡುಗತ್ತಾ ನಿಮಗೆ?"

"ಇಲ್ಲವಲ್ಲ."

"ಮತ್ತೆ ದಿನಾ ಒಂದು ಗುಳ್ಳೆ?"

"ಒದ್ದೆ ಕಡ್ಡಿಯ ತುದಿಯಿಂದ ಚುಚ್ಚಿದರೆ ಆಗತ್ತೆ" ಅಂದ, ಬಕೆಟ್ಟಿನ ನೀರನ್ನೇ ನೋಡುತ್ತಾ. "ಕಷ್ಟದ ಕೆಲಸ. ಪಕ್ಕದವನಿಗೆ ಗೊತ್ತಾಗದ ಹಾಗೆ ಮಾಡಬೇಕು."

"ಯಾಕೆ ಮಾಡ್ತೀರಿ?"

"ಬರೀತಿದೀನಿ. ನಿಮಗೆ ಓದೋಕೆ ಬರಲ್ವಾ?"

ನನ್ನ ಕಿವಿಯ ತುದಿ ಬಿಸಿಯಾಯಿತು. "ಒಡೆದುಹಾಕೋ ಕಾಗದ ಯಾರು ಬರೀತಾರೆ?"

"ಒಡೆಯದೆ ಇಟ್ಟುಕೊಂಡರೆ ಅದು ಕಳ್ಳತನ, ಒಡೆದರೆ ನಿಮ್ಮ ಕೆಲಸ. ನಿಮಗೆ ಕುತ್ತು ತರೋ ಹಾಗೆ ನಾನು ಬರೆಯಲ್ಲ." ಬಕೆಟ್ಟು ಎತ್ತಿಕೊಂಡ. "ಆದರೆ ಒಡೆಯೋಕೆ ಮುಂಚೆ ಒಂದು ಗಳಿಗೆ ನೋಡಿ. ಅಷ್ಟು ಸಾಕು."

ಅವನು ಅದನ್ನು ಬೆಳಗಿನ ಪಾಳಿಯ ಕೊನೆಯ ತಟ್ಟೆಯಲ್ಲೇ ಇಡುತ್ತಿದ್ದ. ನಮ್ಮಲ್ಲಿ ಒಂದು ಪದ್ಧತಿ. ತಟ್ಟೆಗಳು ಕುಲುಮೆಯಿಂದ ತಣಿಸುವ ಗೂಡಿಗೆ ಹೋಗಿ, ಮಾರನೇ ದಿನ ಅದೇ ಸಾಲಿನಲ್ಲಿ ನಮ್ಮ ಕೋಣೆಗೆ ಬರುತ್ತವೆ. ಮೊದಲ ತಟ್ಟೆ ಬಾಗಿಲ ಹತ್ತಿರದ ಹೊಸಬಳಿಗೆ, ಕೊನೆಯದು ಕಿಟಕಿಯ ಹತ್ತಿರದ ಪಳಗಿದವಳಿಗೆ. ಪಳಗಿದವಳು ನಾನು. ಹೀಗೆ ಹದಿನೇಳು ತಿಂಗಳು, ಭಾನುವಾರ ಬಿಟ್ಟು ದಿನಾ ಒಂದು ಕಾಗದ ಬಂತು. ದಿನಾ ಬೆಳಕಿಗೆ ಹಿಡಿದೆ, ದಿನಾ ಒಡೆದೆ. ಸಂಜೆ ಕಾರ್ಖಾನೆಯ ಗೇಟಿನಲ್ಲಿ ಅವನು ಹುಬ್ಬು ಹಾರಿಸಿ "ಓದಿದೆಯಾ?" ಅನ್ನುತ್ತಿದ್ದ. "ಅಕ್ಷರ ಚೆನ್ನಾಗಿಲ್ಲ" ಅನ್ನುತ್ತಿದ್ದೆ ನಾನು. ನಮ್ಮ ಸರಸ ಅಷ್ಟೇ. ಅಷ್ಟಕ್ಕೇ ನಾನು ಮೆಟ್ಟಿಲು ಹಾರಿ ಹಾರಿ ಮನೆಗೆ ಹೋಗುತ್ತಿದ್ದೆ.

ಮನೆ ಅಂದೆನಲ್ಲ, ಅದೇ ತೊಂದರೆ. ಅಮ್ಮ ಮತ್ತು ನಾನು ಕಾರ್ಮಿಕರ ಕಟ್ಟಡದ ಮೆಟ್ಟಿಲ ಕೆಳಗಿನ ಒಂದು ಕೋಣೆಯಲ್ಲಿದ್ದೆವು. ಗೋಡೆಯಲ್ಲಿ ನೀರು ಇಳಿಯುತ್ತಿತ್ತು, ಅಮ್ಮ ಕೆಮ್ಮುತ್ತಿದ್ದಳು. ಅನ್ಸೆಲ್ಮ್ ಅಣ್ಣನ ಮನೆಯಲ್ಲಿ ಐವರು ಮಕ್ಕಳ ನಡುವೆ ಮಲಗುತ್ತಿದ್ದ. ಮದುವೆಯಾದರೆ ಎಲ್ಲಿಗೆ ಹೋಗುವುದು? ಕಾರ್ಖಾನೆ ಮನೆ ಕೊಡುತ್ತಿದ್ದದ್ದು ಮುಖ್ಯ ಊದುಗಾರರಿಗೆ ಮಾತ್ರ. ಚರ್ಚಿನ ಪಕ್ಕದ ಸಾಲಿನಲ್ಲಿ, ಎರಡು ಕೋಣೆ, ಹಿತ್ತಲು.

ಆ ವರ್ಷ ಮುಖ್ಯ ಊದುಗಾರರಲ್ಲಿ ಒಬ್ಬ ಮುದುಕ ಎದೆಬೇನೆಯಿಂದ ಕೆಲಸ ಬಿಟ್ಟ. ಅವನ ಕುರ್ಚಿ ಖಾಲಿಯಾಯಿತು, ಮನೆಯೂ. ಮೂವರು ಸ್ಪರ್ಧೆಗೆ ನಿಂತರು. ಅನ್ಸೆಲ್ಮ್ ಒಬ್ಬ.

"ಈಗ ತಪ್ಪಿದರೆ?" ಅಂತ ಕೇಳಿದೆ.

"ಉಳಿದ ಮುಖ್ಯಸ್ಥರೆಲ್ಲ ಗಟ್ಟಿಮುಟ್ಟಾಗಿದಾರೆ. ಇನ್ನು ಹತ್ತು ವರ್ಷ ಯಾರೂ ಸಾಯಲ್ಲ" ಅಂದ. "ಅಷ್ಟು ಹೊತ್ತಿಗೆ ನಿನ್ನ ಹಲ್ಲು ಬಿದ್ದಿರತ್ತೆ."

"ನಿನ್ನ ಕೂದಲು ಈಗಲೇ ಉದುರ್ತಿದೆ."

"ಅದಕ್ಕೇ ಹೇಳಿದ್ದು, ಈಗಲೇ ಆಗಬೇಕು. ಹಿತ್ತಲಲ್ಲಿ ಏನು ಹಾಕೋಣ?"

"ಹಳದಿ ಪ್ಲಮ್ಮಿನ ಮರ ಒಂದು. ಮಿಕ್ಕಿದ್ದು ಅಮ್ಮ ನೋಡ್ಕೋತಾಳೆ."

ಪರೀಕ್ಷೆ ಒಂದು ಶುಕ್ರವಾರ ಅಂತ ನಿಗದಿಯಾಯಿತು. ಆ ವಾರ ಸೋಮವಾರ ನನ್ನ ಕೊನೆಯ ತಟ್ಟೆಯಲ್ಲಿ ಗುಳ್ಳೆ ಇರಲಿಲ್ಲ. ಪರೀಕ್ಷೆಯ ಗಡಿಬಿಡಿ ಅಂದುಕೊಂಡೆ. ಮಂಗಳವಾರವೂ ಇರಲಿಲ್ಲ; ಆ ಎರಡು ಸಂಜೆಯೂ ಅವನು ಅಭ್ಯಾಸಕ್ಕೆಂದು ಕುಲುಮೆಯ ಹತ್ತಿರವೇ ಉಳಿದು ಗೇಟಿನಲ್ಲಿ ಸಿಗಲಿಲ್ಲ. ಬುಧವಾರ ಮಧ್ಯಾಹ್ನ, ಬ್ರೆಡ್ಡು ತಿನ್ನುತ್ತಾ ಕೂತಾಗ, ಬಾಗಿಲ ಹತ್ತಿರ ಕೂರುವ ಹೊಸ ಹುಡುಗಿ ನೊಯೆಮಿ ಹೇಳಿದಳು. ಹತ್ತೊಂಬತ್ತರ ಹುಡುಗಿ, ಕೆನ್ನೆಯಲ್ಲಿ ಗುಳಿ.

"ಝೆಲಿ ಅಕ್ಕಾ, ಒಂದು ತಮಾಷೆ ಗೊತ್ತಾ? ಮೂರು ದಿನದಿಂದ ನಂಗೆ ದಿನಾ ಒಂದು ಗ್ಲಾಸು ಬರ್ತಿದೆ. ಪಾದದಲ್ಲಿ, ಸರಿಯಾಗಿ ಅದೇ ಜಾಗದಲ್ಲಿ, ಒಂದು ಗುಳ್ಳೆ. ಯಾವನೋ ಬೇಕಂತಲೇ ಮಾಡ್ತಾನೇನೋ ಅನ್ಸತ್ತೆ."

"ಯಾರ ತಟ್ಟೆ?"

"ಎರಡನೇ ಕುಲುಮೆ. ಆ ಸೊಟ್ಟ ಬಾಯಿಯವರು ಇದಾರಲ್ಲ, ಅವರದ್ದಿರಬೇಕು." ಅವಳು ನಕ್ಕಳು. ಗುಳಿ ಬಿತ್ತು. "ಚೆನ್ನಾಗಿರತ್ತೆ ಅಕ್ಕಾ, ಒಡೆಯೋಕೆ ಮನಸ್ಸು ಬರಲ್ಲ."

ನಾನು ಬ್ರೆಡ್ಡು ಕೆಳಗಿಟ್ಟು ಎದ್ದೆ. ಅವಳ ಪೆಟ್ಟಿಗೆಯಲ್ಲಿ ಕೈಹಾಕಿ ಹುಡುಕಿದೆ. ಆವತ್ತಿನ ಪಾದ ಇಡಿಯಾಗಿ ಸಿಕ್ಕಿತು. ಅದೇ ಗುಳ್ಳೆ, ಅದೇ ಅಳತೆ. ಅವನ ಕೈಬರಹ ನನಗೆ ಗೊತ್ತಾಗಲ್ವಾ?

ಕೇಳಬಹುದಿತ್ತು. ಒಂದು ಮಾತು, ಗೇಟಿನ ಹತ್ತಿರ, ಏನಪ್ಪಾ ಇದು ಅಂತ. ನಾನು ಕೇಳಲಿಲ್ಲ. ಹದಿನೇಳು ತಿಂಗಳು ಯಾರ ಹತ್ತಿರವೂ ಯಾಕೆ ಅಂತ ಕೇಳದೆ ಒಡೆದ ಕೈ ಇದು, ಕೇಳುವ ಅಭ್ಯಾಸವೇ ತಪ್ಪಿಹೋಗಿತ್ತು. ಆ ಸಂಜೆ ಅವನೇ ಎದುರಾದ.

"ಓದಿದೆಯಾ?"

"ಓದಿದೆ" ಅಂದೆ. "ಈ ವಾರ ಬಹಳ ಚೆನ್ನಾಗಿ ಬರೆದಿದೀಯ."

ಅವನ ಮುಖ ಅರಳಿತು. "ಅಕ್ಷರ ಸುಧಾರಿಸಿತಲ್ಲ, ಕೊನೆಗೂ."

ನನ್ನನ್ನು ಅಣಕಿಸುತ್ತಿದ್ದಾನೆ ಅಂತ ತಿಳಿದೆ. ಆ ಅರಳಿದ ಮುಖವನ್ನು ಇವತ್ತಿಗೂ ನೆನೆಸಿಕೊಳ್ಳುವುದಕ್ಕೆ ನನಗೆ ಧೈರ್ಯವಿಲ್ಲ.

ಶುಕ್ರವಾರ ಆರಿಸುವ ಕೋಣೆಯ ನಡುವೆ ಬಿಳಿ ಬಟ್ಟೆ ಹಾಸಿದ ಮೇಜು ಇಟ್ಟರು. ಮೂವರೂ ಹಿಂದಿನ ದಿನ ಊದಿದ, ಕಾಲೂ ಪಾದವೂ ಇರುವ ಮೂರು ಹೂದಾನಿಗಳು, ಹೆಸರಿಲ್ಲ, ಬರೀ ನಂಬರು. ಆರಿಸುವವಳನ್ನು ಚೀಟಿ ಎತ್ತಿ ಗೊತ್ತುಮಾಡುತ್ತಾರೆ. ಅವಳು ಒಂದೊಂದನ್ನೂ ಬೆಳಕಿನಲ್ಲಿ ಮೂರು ಸುತ್ತು ತಿರುಗಿಸಬೇಕು. ಸರಿಯಿದ್ದರೆ ಬಟ್ಟೆಯ ಮೇಲೆ ಇಡಬೇಕು, ದೋಷವಿದ್ದರೆ ಅಲ್ಲೇ ಒಡೆಯಬೇಕು. ಚೂರು ಆ ಕೂಡಲೇ ಕುಲುಮೆಗೆ ಹೋಗುತ್ತದೆ.

ಚೀಟಿಯಲ್ಲಿ ನನ್ನ ಹೆಸರು ಬಂತು. ಬಾಗಿಲ ಗೆರೆಯ ಆಚೆ ನಿಂತಿದ್ದ ಅನ್ಸೆಲ್ಮ್ ನೆಮ್ಮದಿಯಿಂದ ಉಸಿರು ಬಿಟ್ಟದ್ದು ನನಗೆ ಕಾಣಿಸಿತು. ಝೆಲಿ ನ್ಯಾಯವಾಗಿ ನೋಡುತ್ತಾಳೆ ಅಂತ ಇರಬೇಕು.

ಮೊದಲನೆಯದರ ಕುತ್ತಿಗೆ ದಪ್ಪ. ಒಡೆದೆ. ಎರಡನೆಯದು ಪರವಾಗಿಲ್ಲ, ಚೊಕ್ಕ ಕೆಲಸ. ಇಟ್ಟೆ. ಮೂರನೆಯದನ್ನು ಮುಟ್ಟಿದ ತಕ್ಷಣ ಅದು ಅವನದೆಂದು ಗೊತ್ತಾಯಿತು. ಎಷ್ಟು ಹಗುರವಾಗಿತ್ತು ಅಂದರೆ ಕೈಯಲ್ಲಿ ಏನೂ ಇಲ್ಲ, ಬರೀ ಬೆಳಕು ಇದೆ ಅನ್ನಿಸುತ್ತಿತ್ತು. ಒಂದು ಸುತ್ತು ತಿರುಗಿಸಿದೆ. ಎರಡು ಸುತ್ತು. ಏನೂ ಇಲ್ಲ. ಅಷ್ಟು ಚೆಂದದ್ದು ನನ್ನ ಮೇಜಿಗೆ ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಮೂರನೇ ಸುತ್ತಿನಲ್ಲಿ ನಾನು ಹೂದಾನಿಯನ್ನು ನೋಡುತ್ತಿರಲಿಲ್ಲ. ಚರ್ಚಿನ ಪಕ್ಕದ ಮನೆಯಲ್ಲಿ ನೊಯೆಮಿ ಕಿಟಕಿ ಒರೆಸುವುದನ್ನು ನೋಡುತ್ತಿದ್ದೆ.

"ಗುಳ್ಳೆ" ಅಂದೆ, ಮತ್ತು ಒಡೆದೆ.

ಸದ್ದು ಬಹಳ ಸಣ್ಣದು. ಒಳ್ಳೆಯ ಗಾಜಿನ ಸದ್ದು ಯಾವಾಗಲೂ ಸಣ್ಣದೇ.

ಗೇಟಿನ ಹತ್ತಿರ ಅವನು ಕಾಯುತ್ತಿದ್ದ. ನಾನು ಜಗಳಕ್ಕೆ ತಯಾರಾಗಿ ಹೋದೆ. ಹೇಳಬೇಕಾದ ಮಾತುಗಳನ್ನೆಲ್ಲ ಮಸೆದು ಇಟ್ಟುಕೊಂಡಿದ್ದೆ.

"ಎಲ್ಲಿತ್ತು?" ಅಂತ ಮೆಲ್ಲಗೆ ಕೇಳಿದ.

"ಪಾದದಲ್ಲಿ. ಕಾಲಿನ ಕೆಳಗೆ. ನಿನಗೆ ಗೊತ್ತಿರೋ ಜಾಗವೇ."

ಅವನು ತನ್ನ ಬಲಗೈಯನ್ನು ಎತ್ತಿ ನೋಡಿಕೊಂಡ. ಬಹಳ ಹೊತ್ತು ನೋಡಿದ. ಅವನ ಕಣ್ಣು ತುಂಬಿತು.

"ಅಭ್ಯಾಸ ಆಗಿಹೋಗಿದೆ ನೋಡು. ನನಗೇ ತಿಳಿಯದ ಹಾಗೆ ಕೈ ಚುಚ್ಚಿಬಿಟ್ಟಿದೆ. ನಿನ್ನ ಕೈಯಾರೆ ಒಡೆಯೋ ಹಾಗೆ ಮಾಡಿದೆನಲ್ಲ." ತಲೆ ತಗ್ಗಿಸಿದ. "ಕ್ಷಮಿಸು ಝೆಲಿ."

ಮಸೆದ ಮಾತೆಲ್ಲ ನನ್ನ ಬಾಯಲ್ಲೇ ಉಳಿಯಿತು. ಇದೂ ನಾಟಕವೇ ಇರಬೇಕು ಅಂದುಕೊಂಡು ನಡೆದುಬಿಟ್ಟೆ. ಹಿಂದೆ ತಿರುಗಿ ನೋಡಿದಾಗ ಅವನು ಇನ್ನೂ ಕೈ ನೋಡಿಕೊಳ್ಳುತ್ತಿದ್ದ. ಒಳಗೊಳಗೇ ನನಗೆ ಖುಷಿಯಾಯಿತು. ಹೌದು, ಆಯಿತು. ಅದನ್ನೂ ಹೇಳದಿದ್ದರೆ ಈ ಕಥೆ ಹೇಳಿ ಏನು ಪ್ರಯೋಜನ?

ಶನಿವಾರ ಬೆಳಿಗ್ಗೆ ಮೇಸ್ತ್ರಿ ಗ್ರೋಜಾನ್ ಕೋಣೆಗೆ ಬಂದು ಕೈ ಉಜ್ಜಿಕೊಂಡ.

"ಅಂತೂ ಗೂಡಿನಲ್ಲಿ ತಟ್ಟೆ ಎಳೆಯೋ ಸರಪಳಿ ರಿಪೇರಿ ಆಯ್ತಮ್ಮಾ. ಒಂದು ವಾರ ತಟ್ಟೆಗಳನ್ನ ಹಿಂದಿನ ಬಾಗಿಲಿಂದ ತೆಗೆದು ತೆಗೆದು ಸಾಕಾಗಿಹೋಗಿತ್ತು. ಎಲ್ಲಾ ಹಿಂದುಮುಂದು. ಕೊನೇದು ಮೊದಲು ಬರ್ತಿತ್ತು, ಮೊದಲಿಂದು ಕೊನೆಗೆ. ನಿಮಗೇನಾದ್ರೂ ತೊಂದರೆ ಆಯ್ತಾ?"

"ಇಲ್ಲ" ಅಂದಳು ನೊಯೆಮಿ ಬಾಗಿಲ ಹತ್ತಿರದಿಂದ.

ಆವತ್ತಿನ ಕೊನೆಯ ತಟ್ಟೆ ನನ್ನ ಮೇಜಿಗೆ ಬಂತು. ಅದರಲ್ಲಿ ಕಾಗದವಿತ್ತು. ಗುರುವಾರ ಹೂದಾನಿ ಊದುವುದಕ್ಕೆ ಮುಂಚೆ ಬರೆದದ್ದು, ಪರೀಕ್ಷೆಯ ಗಲಾಟೆಯಲ್ಲಿ ಒಂದು ದಿನ ಗೂಡಿನಲ್ಲೇ ಉಳಿದದ್ದು. ನಾನು ಅದನ್ನು ಹಿಡಿದುಕೊಂಡು ಕೂತೆ. ಪಕ್ಕದವಳು "ಏನೇ, ಒಡಿಯೇ" ಅಂದಳು. ಒಡೆದೆ.

ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ. ಡೈರೆಕ್ಟರ ಕೋಣೆಯ ಬಾಗಿಲು ತಟ್ಟಿದೆ. ವಯಸ್ಸಾದ ಮನುಷ್ಯ, ಯುದ್ಧದಲ್ಲಿ ಇಬ್ಬರು ಮಕ್ಕಳನ್ನು ಕಳೆದುಕೊಂಡವರು.

"ನಿನ್ನೆ ಮೂರನೇ ಹೂದಾನಿಯಲ್ಲಿ ಗುಳ್ಳೆ ಇರಲಿಲ್ಲ ಸಾರ್" ಅಂದೆ. "ನಾನು ಸುಳ್ಳು ಹೇಳಿದೆ. ಕುರ್ಚಿ ಅನ್ಸೆಲ್ಮ್‌ಗೆ ಸೇರಬೇಕು. ನನ್ನನ್ನ ಕೆಲಸದಿಂದ ತೆಗೀರಿ."

ಅವರು ಕನ್ನಡಕ ತೆಗೆದರು. "ನೀವು ಅವನನ್ನ ಮದುವೆ ಆಗಬೇಕಿತ್ತು, ಅಲ್ವಾ?"

"ಹೌದು."

"ಅವನ ಕೆಲಸ ಅಂತ ಕೈಗೆ ತಗೊಂಡಾಗಲೇ ಗೊತ್ತಾಗಿತ್ತು?"

"ಗೊತ್ತಾಗಿತ್ತು."

"ಗೊತ್ತಿದ್ದೂ ಒಡೆದಿರಿ." ಅವರು ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. "ಈಗ ಮನಸ್ಸು ತಡೀತಿಲ್ಲ, ಅದಕ್ಕೆ ಅವನಿಗೋಸ್ಕರ ಈ ಸುಳ್ಳು. ನನಗೆ ಅರ್ಥ ಆಗತ್ತಮ್ಮ."

"ಇದು ಸುಳ್ಳಲ್ಲ ಸಾರ್. ಸುಳ್ಳು ಹೇಳಿದ್ದು ನಿನ್ನೆ."

"ನಿಮ್ಮಂಥ ಕಣ್ಣು ನಿನ್ನೆ ತಪ್ಪಾಗಿ ನೋಡಿತು ಅಂತ ನಾನು ಹೇಗೆ ನಂಬಲಿ? ನಂಬಿದರೆ ಇಷ್ಟು ವರ್ಷ ಒಡೆದಿದ್ದನ್ನೆಲ್ಲ ಏನಂತ ಹೇಳಲಿ?"

ಕಾಲಿಗೆ ಬಿದ್ದೆ, ಅತ್ತೆ. ಅತ್ತಷ್ಟೂ ಅವರಿಗೆ ನಂಬಿಕೆ ಗಟ್ಟಿಯಾಯಿತು. ಕುರ್ಚಿ ಎರಡನೇ ನಂಬರಿನವನಿಗೇ ಹೋಯಿತು. ಅವನಿಗೆ ಆಗಲೇ ಸ್ವಂತ ಮನೆ ಇತ್ತು. ಆರಿಸುವ ಕೋಣೆಯ ಮೇಲ್ವಿಚಾರಣೆಗೆ ಒಬ್ಬಳು ಬೇಕಾಗಿದ್ದಳು. ಡೈರೆಕ್ಟರು ನನ್ನನ್ನು ನೇಮಿಸಿದರು. ಚರ್ಚಿನ ಪಕ್ಕದ ಖಾಲಿ ಮನೆಯನ್ನೂ ನನಗೇ ಕೊಟ್ಟರು. ಕಾರ್ಖಾನೆಯ ಚರಿತ್ರೆಯಲ್ಲಿ ಹೆಂಗಸಿಗೆ ಮನೆ ಸಿಕ್ಕಿದ್ದು ಅದೇ ಮೊದಲು.

ಆ ಸಂಜೆಯೇ ಬೀಗದಕೈ ಹಿಡಿದುಕೊಂಡು ಓಡಿದೆ. ಅನ್ಸೆಲ್ಮ್ ಅಣ್ಣನ ಮನೆಯ ಹಿಂದೆ ಆಲೂಗಡ್ಡೆ ಸುಲಿಯುತ್ತಾ ಕೂತಿದ್ದ. ಎಲ್ಲವನ್ನೂ ಹೇಳಿದೆ. ನೊಯೆಮಿ, ಸರಪಳಿ, ಮೂರು ಸುತ್ತು, ಡೈರೆಕ್ಟರು. ಒಂದನ್ನೂ ಮುಚ್ಚಿಡಲಿಲ್ಲ. ಕೊನೆಗೆ ಬೀಗದಕೈ ತೋರಿಸಿದೆ.

"ಮನೆ ಸಿಕ್ಕಿದೆ. ನಂದಾದರೇನು, ನಿಂದಾದರೇನು? ಮುಂದಿನ ತಿಂಗಳೇ ಮದುವೆ ಆಗೋಣ. ಬೇಕಿದ್ದರೆ ಬೈಯಿ, ಹೊಡಿ."

ಅವನು ಆಲೂಗಡ್ಡೆಯನ್ನು ನೀರಿಗೆ ಹಾಕಿದ.

"ಮೂರು ಸುತ್ತೂ ತಿರುಗಿಸಿದೆಯಾ?"

"ತಿರುಗಿಸಿದೆ."

"ಏನೂ ಇಲ್ಲ ಅಂತ ಗೊತ್ತಿತ್ತು."

"ಗೊತ್ತಿತ್ತು. ನನಗೆ ನೀನು ಅಂದ್ರೆ ಪ್ರಾಣ ಕಣೋ, ಅದಕ್ಕೇ ತಲೆ ಕೆಟ್ಟಿತು."

"ನನಗೂ ನೀನು ಅಂದ್ರೆ ಪ್ರಾಣ" ಅಂದ. ಹದಿನೇಳು ತಿಂಗಳಲ್ಲಿ ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ. "ಒಡೆದಿದ್ದಕ್ಕೆ ಸಿಟ್ಟಿಲ್ಲ. ಸಿಟ್ಟಲ್ಲಿ ನಾನೂ ಎಷ್ಟೋ ಒಡೆದಿದೀನಿ. ಆದರೆ ಆಮೇಲೆ ಗೇಟಲ್ಲಿ ನಾನು ನನ್ನ ಕೈ ನೋಡ್ಕೊಂಡೆ, ನಿನ್ನ ಹತ್ತಿರ ಕ್ಷಮೆ ಕೇಳಿದೆ. ನೀನು ನೋಡ್ತಾ ನಿಂತಿದ್ದೆ. ಒಂದು ಮಾತು ಆಡಲಿಲ್ಲ."

"ಆವಾಗ ನಾನು..."

"ಇವತ್ತು ಬೆಳಿಗ್ಗೆ ಊದೋಕೆ ಕೂತೆ. ಕೈ ನಂಬೋಕೆ ಆಗಲಿಲ್ಲ, ಎದ್ದು ಬಂದೆ. ಹನ್ನೊಂದು ವರ್ಷದ ಮೇಲೆ ಮೊದಲ ಸಲ."

ನಾನು ಅವನ ಆ ಕೈಯನ್ನು ಹಿಡಿಯಹೋದೆ. ಅವನು ಹಿಂದಕ್ಕೆ ತೆಗೆದುಕೊಂಡ. ಜೋರಾಗಿಯೂ ಅಲ್ಲ, ಬಿಸಿ ಪಾತ್ರೆಯಿಂದ ಕೈ ತೆಗೆಯುವ ಹಾಗೆ ಅಷ್ಟೇ.

ಮುಂದಿನ ಶನಿವಾರ ಬೆಲ್ಜಿಯಮ್ಮಿನ ಒಂದು ಗಾಜಿನ ಕಾರ್ಖಾನೆಗೆ ಹೊರಟ. ಸ್ಟೇಷನ್ನಿಗೆ ಹೋದೆ. ಅವನ ಅತ್ತಿಗೆ ನನ್ನನ್ನು ಕಂಡು ಮಕ್ಕಳನ್ನು ಕರೆದುಕೊಂಡು ಆಚೆ ಸರಿದಳು. ಊರೆಲ್ಲ ಆಗಲೇ ನನ್ನನ್ನು ಹೊಗಳುತ್ತಿತ್ತು. ಕಟ್ಟಿಕೊಳ್ಳಬೇಕಾದವನ ಹೂದಾನಿಯನ್ನೂ ಬಿಡಲಿಲ್ಲವಲ್ಲ, ಹಾಗಿರಬೇಕು ಹೆಣ್ಣು ಅಂತ.

"ನಾನೂ ಬರ್ತೀನಿ" ಅಂದೆ. "ಬೀಗದಕೈ ವಾಪಸು ಕೊಡ್ತೀನಿ. ಅಲ್ಲಿ ಯಾವ ಮೂಲೆಯಲ್ಲಿ ಇರು ಅಂದರೂ ಇರ್ತೀನಿ."

ಅವನು ಕಿಟಕಿಯಿಂದ ನನ್ನನ್ನು ನೋಡಿದ. ಆ ನೋಟದಲ್ಲಿ ಪ್ರೀತಿ ಇತ್ತು. ಇಲ್ಲದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಬೇಡ. ಅಮ್ಮನಿಗೆ ಆ ತೇವದ ಕೋಣೆ ಆಗಲ್ಲ" ಅಂದ. "ಅದು ಒಳ್ಳೇ ಮನೆ, ನಾನು ಹೋಗಿ ನೋಡಿದ್ದೆ. ಅಡುಗೆಮನೆಗೆ ಬೆಳಗಿನ ಬಿಸಿಲು ಬರತ್ತೆ. ಅಲ್ಲೇ ಇರು, ಝೆಲಿ."

ಇದ್ದೇನೆ. ಮೂವತ್ತೆಂಟು ವರ್ಷವಾಯಿತು.